ಗಿಟಾರಿನ ಆಂಪ್ಲಿಫೈಯರಿನಲ್ಲಿ ಬೇಸ್ ನುಡಿಸಬಹುದೇ?

ಯಲ್ದೂರಿನಲ್ಲಿ ಗಣೇಶನ ಹಬ್ಬಕ್ಕೆ ನೀವೂ ನಿಮ್ಮ ಗೆಳೆಯರೂ ವಾದ್ಯಗೋಷ್ಠಿ ಏರ್ಪಡಿಸಿದ್ದೀರಿ ಎಂದಿಟ್ಟುಕೊಳ್ಳಿ. ಸಿಕ್ಕಿರುವುದು ಗಿಟಾರಿಗೆಂದೇ ಮಾಡಿದ ಒಂದು ಹಳೆಯ ವಾಲ್ವ್ ಆಂಪ್ಲಿಫೈಯರ್. ಅದಕ್ಕೆ ಬೇಸ್ ಗಿಟಾರ್ ಜೋಡಿಸಿದರೆ ದನಿ ಬರುತ್ತದೆ, ಆದರೆ ತೂಕವಿರುವುದಿಲ್ಲ. ‘ಬೇಸ್’ ಗುಂಡಿಯನ್ನು ಪೂರ್ತಿ ತಿರುಗಿಸಿದರೆ ಸ್ಪೀಕರ್ ಗೊರಗುಟ್ಟುತ್ತದೆ. ಯಂತ್ರ ಕೆಟ್ಟಿಲ್ಲ, ಅದನ್ನು ರೂಪಿಸಿರುವುದೇ ಹಾಗೆ.

ಗಿಟಾರಿನ ಅತಿ ಮಂದ್ರ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಬೇಸ್ ಗಿಟಾರಿನದು ಅದರ ಅರ್ಧ, ಸುಮಾರು 41 ಸಲ. ತೀರಾ ಕೆಳಗಿನ ಕಂಪನಗಳು ಗಿಟಾರಿನ ದನಿಯನ್ನು ಮಸುಕಾಗಿಸುತ್ತವೆ. ಅದಕ್ಕಾಗಿಯೇ ಹಲವು ಗಿಟಾರ್ ಆಂಪ್ಲಿಫೈಯರುಗಳಲ್ಲಿ ಅವನ್ನು ಬೇಕೆಂದೇ ತಗ್ಗಿಸಿರುತ್ತಾರೆ.

ಈ ಕೆಲಸ ಮಾಡುವುದು ರಿಪೇರಿಯವರು ‘ಕಂಡೆನ್ಸರ್’ ಎನ್ನುವ ಕೆಪ್ಯಾಸಿಟರ್. ಅದರ ಬೆಲೆ ಚಿಕ್ಕದಾದಷ್ಟೂ ಮಂದ್ರ ಸ್ವರಗಳಿಗೆ ದಾರಿ ಕಿರಿದು. ಲೆಕ್ಕ ಸುಲಭ: ಓಮ್‌ಗಳಲ್ಲಿ ರೋಧ, ಫ್ಯಾರಡ್‌ಗಳಲ್ಲಿ ಧಾರಕತೆ ಮತ್ತು 6.28, ಈ ಮೂರನ್ನು ಗುಣಿಸಿ. ಬಂದ ಸಂಖ್ಯೆಯಿಂದ 1ನ್ನು ಭಾಗಿಸಿ. ವಾಲ್ವಿನ ಕ್ಯಾಥೋಡಿನಲ್ಲಿ 2,700 ಓಮ್ ರೆಸಿಸ್ಟರಿನೊಡನೆ 0.68 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಇದ್ದರೆ ಉತ್ತರ ಸುಮಾರು 87 ಹರ್ಟ್ಸ್. ಅದರ ಕೆಳಗೆ ವರ್ಧನೆ ಕುಗ್ಗುತ್ತದೆ. ಬೇಸಿನ 41 ಹರ್ಟ್ಸ್ ಅಲ್ಲೇ ಸೊರಗುತ್ತದೆ. 0.68ರ ಬದಲು 25 ಹಾಕಿದರೆ ಉತ್ತರ 3 ಹರ್ಟ್ಸ್‌ಗೂ ಕಡಿಮೆ. ಔಟ್‌ಪುಟ್ ವಾಲ್ವುಗಳ ಗ್ರಿಡ್ಡಿಗೆ ಹೋಗುವ 0.022 ಮೈಕ್ರೋಫ್ಯಾರಡ್ ಕೆಪ್ಯಾಸಿಟರನ್ನೂ 0.1ಕ್ಕೆ ಏರಿಸಬಹುದು. ಆದರೆ ಅದು ಅಲ್ಲಿನ ಅಧಿಕ ವೋಲ್ಟೇಜನ್ನು ತಡೆಯುವಂಥದಾಗಿರಬೇಕು.

ಇಷ್ಟಕ್ಕೆ ಕೆಲಸ ಮುಗಿಯಿತೆ? ಇಲ್ಲ. ಕೆಪ್ಯಾಸಿಟರ್ ಬದಲಿಸುವುದು ಅಗ್ಗದ ಕೆಲಸ. ನಿಜವಾದ ಮಿತಿ ಇರುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕಬ್ಬಿಣದಲ್ಲಿ. ಅದೇ ವೋಲ್ಟೇಜಿಗೆ ಕಂಪನಾಂಕ ಅರ್ಧವಾದರೆ ಕಬ್ಬಿಣ ಹೊರಬೇಕಾದ ಕಾಂತ ಪ್ರವಾಹ ಎರಡರಷ್ಟಾಗುತ್ತದೆ. 82 ಹರ್ಟ್ಸ್‌ನಲ್ಲಿ 40 ವಾಟ್‌ಗೆ ಮಿತಿ ಮುಟ್ಟುವ ಟ್ರಾನ್ಸ್‌ಫಾರ್ಮರ್ 41 ಹರ್ಟ್ಸ್‌ನಲ್ಲಿ ಶುದ್ಧವಾಗಿ ಕೊಡುವುದು 10 ವಾಟ್ ಮಾತ್ರ. ಸ್ಪೀಕರಿನ ಪಾಡೂ ಹೀಗೆಯೇ. ಅರ್ಧ ಕಂಪನಾಂಕದಲ್ಲಿ ಅಷ್ಟೇ ಗಟ್ಟಿ ದನಿ ಬೇಕೆಂದರೆ ಅದರ ಕೋನ್ ನಾಲ್ಕರಷ್ಟು ದೂರ ಅಲುಗಬೇಕು. ಹಿಂಬದಿ ತೆರೆದ ಪೆಟ್ಟಿಗೆಯಲ್ಲಿ ಹಿಂದಿನ ಅಲೆ ಮುಂದಿನದನ್ನು ಅಳಿಸುತ್ತದೆ. ಆದ್ದರಿಂದ ಬೇಸಿಗೆ ತಕ್ಕ ಸ್ಪೀಕರ್, ಮುಚ್ಚಿದ ಪೆಟ್ಟಿಗೆ ಮತ್ತು ತಗ್ಗಿದ ವಾಲ್ಯೂಮ್ ಬೇಕು.

ಇತಿಹಾಸದಲ್ಲಿ ಈ ಪಯಣ ತಿರುಗುಮುರುಗಾಗಿಯೂ ನಡೆದಿದೆ. ಅಮೆರಿಕದ ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ ತಂದಿತು. 1952ರಲ್ಲಿ ಅದಕ್ಕೆಂದು ‘ಬೇಸ್‌ಮ್ಯಾನ್’ ಆಂಪ್ಲಿಫೈಯರ್ ಮಾಡಿತು. ಅದನ್ನು ಗಿಟಾರ್ ವಾದಕರೇ ಹೆಚ್ಚು ಮೆಚ್ಚಿದರು. 1960ರ ದಶಕದ ಆರಂಭದಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅವರ ಬಳಗ ಅದರ ಮಾದರಿಯಲ್ಲೇ ತನ್ನ ಮೊದಲ ಆಂಪ್ಲಿಫೈಯರ್ ಕಟ್ಟಿತು. ವಾಲ್ವ್ ನಮಗೂ ಹೊಸದಲ್ಲ. 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆ ಆರಂಭಿಸಿತ್ತು.

ಇನ್ನೊಂದು ಮಾತನ್ನು ಮರೆಯಬೇಡಿ. ವಾಲ್ವ್ ಆಂಪ್ಲಿಫೈಯರಿನೊಳಗೆ 400 ವೋಲ್ಟ್ ಅಥವಾ ಅದಕ್ಕೂ ಹೆಚ್ಚು ಇರಬಹುದು. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪ್ಯಾಸಿಟರುಗಳಲ್ಲಿ ಅದು ಉಳಿದಿರುತ್ತದೆ; ಪ್ರಾಣ ತೆಗೆಯಲು ಅಷ್ಟು ಸಾಕು. ನೀವಾಗಿ ಪೆಟ್ಟಿಗೆ ಬಿಚ್ಚಬೇಡಿ. ಕೆಪ್ಯಾಸಿಟರನ್ನು ರೆಸಿಸ್ಟರಿನ ಮೂಲಕ ಖಾಲಿ ಮಾಡಿ, ಮೀಟರಿನಿಂದ ಪರೀಕ್ಷಿಸಿ ನೋಡುವ ಅನುಭವಿ ತಂತ್ರಜ್ಞರಿಗೇ ಆ ಕೆಲಸ ಬಿಡಿ. ಸ್ಪೀಕರ್ ಜೋಡಿಸದೆ ಯಂತ್ರವನ್ನು ನುಡಿಸಲೂ ಬಾರದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋದೀತು.

ನಿಮ್ಮ ಪಾಲಿನ ಕೆಲಸ ಕಡಿಮೆಯದೇನಲ್ಲ. ಸರ್ಕ್ಯೂಟಿನ ನಕ್ಷೆ ದೊರಕಿಸಿ, ಪ್ರತಿ ಕೆಪ್ಯಾಸಿಟರಿನ ಬಳಿ ಅದರ ಹರ್ಟ್ಸ್ ಲೆಕ್ಕ ಹಾಕಿ ಬರೆಯಿರಿ. ಮಂದ್ರ ಸ್ವರ ಎಲ್ಲಿ ತಡೆಯುತ್ತಿದೆ ಎಂಬುದು ಕಾಗದದ ಮೇಲೆಯೇ ಕಾಣುತ್ತದೆ.