ಜಾರಿಕೆಯ ಜೆಲ್ಲೂ ವೈರಸ್ಸೂ

ಸಂಭೋಗದ ವೇಳೆ ಬಳಸುವ ಲೂಬ್ರಿಕೆಂಟ್ ಜೆಲ್‌ನಿಂದ ಎಚ್‌ಐವಿಯಂಥ ವೈರಸ್ ಹರಡುವುದು ಕಡಿಮೆಯಾಗುತ್ತದೆಯೋ, ಹೆಚ್ಚುತ್ತದೆಯೋ?

ಅದು ಜೆಲ್ ಎಂಥದ್ದು ಎಂಬುದನ್ನು ಅವಲಂಬಿಸಿದೆ. ಜಾರಿಕೆಯಿದ್ದರೆ ಒಳಪದರ ತರಚುವುದೂ ಕಾಂಡೋಮ್ ಹರಿಯುವುದೂ ಕಡಿಮೆ. ಅಷ್ಟರಮಟ್ಟಿಗೆ ಲಾಭವೇ.

ತೊಂದರೆ ಇರುವುದು ಜೆಲ್‌ನ ಸಾಂದ್ರತೆಯಲ್ಲಿ. ಉಪ್ಪಿನಕಾಯಿಗೆಂದು ಉಪ್ಪು ಬೆರೆಸಿಟ್ಟ ಮಾವಿನ ಹೋಳು ಬೆಳಗಾಗುವಷ್ಟರಲ್ಲಿ ನೀರು ಬಿಟ್ಟು ಸುಕ್ಕಾಗಿರುತ್ತದಲ್ಲ, ಇಲ್ಲಿಯೂ ಹಾಗೆಯೇ. ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಹೆಚ್ಚಿರುವ ಜೆಲ್ ಒಳಪದರದ ಜೀವಕೋಶಗಳಿಂದ ನೀರೆಳೆಯುತ್ತದೆ. ಕೋಶಗಳು ಕುಗ್ಗಿ ಉದುರುತ್ತವೆ, ವೈರಸ್ಸನ್ನು ತಡೆಯುವ ಗೋಡೆ ತೆಳುವಾಗುತ್ತದೆ. ಗುದನಾಳದಲ್ಲಿ ಆ ಗೋಡೆ ಒಂದೇ ಸಾಲು ಕೋಶಗಳದ್ದು. ಅಲ್ಲಿ ಹಾನಿ ಬೇಗ. ಪ್ರಯೋಗಾಲಯದ ಅಂಗಾಂಶಗಳಲ್ಲಿ ಇದು ಸ್ಪಷ್ಟವಾಗಿ ಕಂಡಿದೆ. ನಮ್ಮ ರಕ್ತದ ಸಾಂದ್ರತೆ ಕಿಲೋಗೆ ಸುಮಾರು 290 ಮಿಲಿಆಸ್ಮೋಲ್ (ಕರಗಿದ ಕಣಗಳ ಅಳತೆ). ಜೆಲ್‌ನದ್ದು 1200 ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ವೀರ್ಯಾಣುನಾಶಕ ನಾನಾಕ್ಸಿನಾಲ್-9ರ ಕಥೆ ಇನ್ನೂ ಕಹಿ. ಅದು ಎಚ್‌ಐವಿ ತಡೆದೀತೆಂದು ಆಶಿಸಿದ್ದರು. 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದನ್ನು ಬಳಸಿದ ಮಹಿಳೆಯರಲ್ಲೇ ಸೋಂಕು ಹೆಚ್ಚಿತ್ತು! ಆ ಹೆಸರಿರುವ ಜೆಲ್ ಬೇಡ.

ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆಯನ್ನೂ ಹಚ್ಚಬೇಡಿ. ಎಣ್ಣೆ ತಾಗಿದ ಲೇಟೆಕ್ಸ್ ಕಾಂಡೋಮ್ ಕೆಲವೇ ನಿಮಿಷಗಳಲ್ಲಿ ಬಲ ಕಳೆದುಕೊಳ್ಳುತ್ತದೆ. ನೀರಿನ ಅಥವಾ ಸಿಲಿಕೋನ್ ಆಧಾರದ ಜೆಲ್ ಆರಿಸಿಕೊಳ್ಳಿ, ಜೊತೆಗೆ ಕಾಂಡೋಮ್ ತಪ್ಪಿಸಬೇಡಿ.