ತರಕಾರಿ ಒಗ್ಗದ ಹೊಟ್ಟೆಗೂ ತರಕಾರಿ

"ಹೂಕೋಸು ತಿಂದರೆ ಹೊಟ್ಟೆ ಉಬ್ಬುತ್ತೆ, ಕಾಳು ಹಾಕಿದ ಪಲ್ಯ ತಿಂದರೆ ಗ್ಯಾಸು, ಸೊಪ್ಪು ತಿಂದ ದಿನ ನಾಲ್ಕು ಸಲ ಓಡಬೇಕು, ಕೋಸಂಬರಿಯಂತೂ ಮುಟ್ಟೋ ಹಾಗೇ ಇಲ್ಲ." ಹೀಗೆ ಹೇಳುವವರು ಬಹುತೇಕ ಎಲ್ಲ ಮನೆಗಳಲ್ಲೂ ಒಬ್ಬರಾದರೂ ಇರುತ್ತಾರೆ. ಆಸ್ಪತ್ರೆಗೆ ಹೋದರೆ ರಕ್ತಪರೀಕ್ಷೆ, ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲವೂ ನಾರ್ಮಲ್. ಕೊನೆಗೆ ಸಿಗುವ ಸಲಹೆ, ನಾರಿನಂಶ ಸಾಲದು, ತರಕಾರಿ ಚೆನ್ನಾಗಿ ತಿನ್ನಿ ಎಂಬುದು. ತಿಂದರೆ ಹೊಟ್ಟೆ ನುಲಿಯುತ್ತದೆ, ಬಿಟ್ಟರೆ ಮಲಬದ್ಧತೆ. ವರ್ಷ ಕಳೆದಂತೆ ಅವರ ತಟ್ಟೆಯಲ್ಲಿ ಅನ್ನ, ಮೊಸರು, ತಿಳಿಸಾರು ಇಷ್ಟೇ ಉಳಿಯುತ್ತವೆ. ಉಳಿದವರ ಕಣ್ಣಿಗೆ ಅದು ಹಠದಂತೆ, ಊಟದ ಚೇಷ್ಟೆಯಂತೆ ಕಾಣುತ್ತದೆ.

ಅದು ಹಠವಲ್ಲ ಎಂಬುದಕ್ಕೆ ಐವತ್ತು ವರ್ಷ ಹಳೆಯ ಪುರಾವೆ ಇದೆ. 1973ರಲ್ಲಿ ರಿಚಿ ಎಂಬ ಬ್ರಿಟಿಷ್ ಸಂಶೋಧಕರು ದೊಡ್ಡ ಕರುಳಿನ ಕೆಳಭಾಗಕ್ಕೆ ಪುಟ್ಟ ಬಲೂನು ಇಳಿಸಿ, ಅದಕ್ಕೆ ಸ್ವಲ್ಪ ಸ್ವಲ್ಪವೇ ಗಾಳಿ ತುಂಬಿ ನೋಡಿದರು. ಬಲೂನು 60 ಮಿಲಿಲೀಟರಿನಷ್ಟು ಹಿಗ್ಗಿದಾಗ ಆರೋಗ್ಯವಂತರಲ್ಲಿ ನೂರಕ್ಕೆ 6 ಮಂದಿಗೆ ಮಾತ್ರ ನೋವಾಯಿತು. ಕೆರಳುವ ಕರುಳಿನ ತೊಂದರೆ, ಅಂದರೆ ವೈದ್ಯರು ಐಬಿಎಸ್ ಎನ್ನುವ ಸಮಸ್ಯೆ ಇದ್ದವರಲ್ಲಿ ನೂರಕ್ಕೆ 55 ಮಂದಿ ನೋವೆಂದರು. 2017ರಲ್ಲಿ ನಾಟಿಂಗ್‌ಹ್ಯಾಮ್‌ನ ವಿಜ್ಞಾನಿಗಳು ಇದೇ ಪ್ರಶ್ನೆಯನ್ನು ಎಂಆರ್‌ಐ ಯಂತ್ರದ ಮುಂದಿಟ್ಟರು. ಜೀರ್ಣವಾಗದ ಸಕ್ಕರೆ ಬೆರೆಸಿದ ಪಾನೀಯ ಕುಡಿಸಿ ಹೊಟ್ಟೆಯೊಳಗೆ ತುಂಬಿದ ಅನಿಲವನ್ನು ಅಳೆದರು. ರೋಗಿಗಳಲ್ಲೂ ಆರೋಗ್ಯವಂತರಲ್ಲೂ ಅದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ಒಬ್ಬರಿಗೆ ಗೊತ್ತೇ ಆಗದಷ್ಟು ಅನಿಲ ಇನ್ನೊಬ್ಬರನ್ನು ಹಾಸಿಗೆ ಹಿಡಿಸುತ್ತಿತ್ತು, ಅಷ್ಟೇ.

ನಮ್ಮ ಕರುಳಿನ ಗೋಡೆಯೊಳಗೆ ಹತ್ತು ಕೋಟಿಗೂ ಹೆಚ್ಚು ನರಕೋಶಗಳ ಒಂದು ಜಾಲವೇ ಇದೆ. ಕರುಳು ಎಷ್ಟು ಹಿಗ್ಗಿದೆ, ಒಳಗೆ ಏನು ಸಾಗುತ್ತಿದೆ ಎಂಬ ಸುದ್ದಿಯನ್ನು ಅದು ಸದಾ ಸಂಗ್ರಹಿಸುತ್ತಿರುತ್ತದೆ. ಕೆಲವರಲ್ಲಿ ಒಂದು ಜೋರಾದ ವಾಂತಿಭೇದಿಯ ನಂತರ ಈ ಜಾಲ ಮೊದಲಿನ ಸ್ಥಿತಿಗೆ ಮರಳುವುದೇ ಇಲ್ಲ. ಸೋಂಕು ಹೋಗಿರುತ್ತದೆ, ಸೂಕ್ಷ್ಮತೆ ಉಳಿದಿರುತ್ತದೆ. ಪರೀಕ್ಷೆಗಳು ಹುಣ್ಣನ್ನೋ ಗಡ್ಡೆಯನ್ನೋ ಹುಡುಕುತ್ತವೆ. ನರಗಳ ಈ ಕೆರಳುವಿಕೆ ಅವುಗಳ ಕಣ್ಣಿಗೆ ಬೀಳುವುದಿಲ್ಲ.

ಹಾಗಾದರೆ ತರಕಾರಿಯಲ್ಲಿ ಕರುಳನ್ನು ಹಿಗ್ಗಿಸುವಂಥದ್ದು ಏನಿದೆ? ಹೆಚ್ಚಿನವರು ನಾರಿನತ್ತ ಬೆರಳು ತೋರಿಸುತ್ತಾರೆ. ಆದರೆ ಬಹಳಷ್ಟು ಸಲ ಕಾಟ ಕೊಡುವುದು ಕಣ್ಣಿಗೆ ಕಾಣದ, ನೀರಿನಲ್ಲಿ ಕರಗುವ ಕೆಲವು ಸಕ್ಕರೆಗಳು. ಈರುಳ್ಳಿ, ಬೆಳ್ಳುಳ್ಳಿಗಳಲ್ಲಿ ಫ್ರಕ್ಟಾನ್ ಇದೆ. ಬೇಳೆಕಾಳುಗಳಲ್ಲಿ, ಹಸಿ ಬಟಾಣಿಯಲ್ಲಿ ರಾಫಿನೋಸ್, ಸ್ಟಾಕಿಯೋಸ್ ಗುಂಪಿನ ಸಕ್ಕರೆಗಳಿವೆ. ಹೂಕೋಸು, ಅಣಬೆಗಳಲ್ಲಿ ಮ್ಯಾನಿಟಾಲ್ ಇದೆ. ಇವುಗಳಲ್ಲಿ ಫ್ರಕ್ಟಾನನ್ನೂ ಕಾಳಿನ ಸಕ್ಕರೆಗಳನ್ನೂ ಒಡೆಯುವ ಕಿಣ್ವ ಮನುಷ್ಯನ ಸಣ್ಣ ಕರುಳಿನಲ್ಲಿ ಹುಟ್ಟುವುದೇ ಇಲ್ಲ, ನಿಮಗೂ ಇಲ್ಲ, ಕಲ್ಲು ತಿಂದು ಕರಗಿಸಿಕೊಳ್ಳುವವರಿಗೂ ಇಲ್ಲ. ಮ್ಯಾನಿಟಾಲ್ ಸಹ ಪೂರ್ತಿ ಹೀರಿಕೆಯಾಗುವುದಿಲ್ಲ. ದಾರಿಯುದ್ದಕ್ಕೂ ನೀರನ್ನು ಎಳೆದುಕೊಳ್ಳುತ್ತ ಇವು ದೊಡ್ಡ ಕರುಳಿಗೆ ಬಂದು ಬೀಳುತ್ತವೆ. ಅಲ್ಲಿ ಕಾದಿರುವ ಬ್ಯಾಕ್ಟೀರಿಯಾಗಳು ಇವನ್ನು ಹುದುಗಿಸಿ, ರಾತ್ರಿ ಕಲಸಿಟ್ಟ ದೋಸೆ ಹಿಟ್ಟು ಪಾತ್ರೆಯ ಮುಚ್ಚಳ ಎತ್ತುವ ಹಾಗೆ, ಜಲಜನಕ ಮತ್ತು ಇಂಗಾಲದ ಡೈಆಕ್ಸೈಡ್ ಉಬ್ಬಿಸುತ್ತವೆ.

ಈ ಸಕ್ಕರೆಗಳನ್ನೆಲ್ಲ ಒಂದೇ ಹೆಸರಿನಡಿ ತಂದು, 2005ರಲ್ಲಿ 'ಫಾಡ್‌ಮ್ಯಾಪ್' ಎಂದು ಕರೆದವರು ಆಸ್ಟ್ರೇಲಿಯಾದ ಮೆಲ್ಬರ್ನಿನ ಪೀಟರ್ ಗಿಬ್ಸನ್ ಮತ್ತು ಸೂ ಶೆಪರ್ಡ್. ಅಲ್ಲಿನ ಮೊನಾಶ್ ವಿಶ್ವವಿದ್ಯಾಲಯದ ತಂಡ 2014ರಲ್ಲಿ ಐಬಿಎಸ್ ಇದ್ದ 30 ಮಂದಿಗೆ ಊಟವನ್ನೆಲ್ಲ ತಾನೇ ಸಿದ್ಧಪಡಿಸಿ ಕೊಟ್ಟು ಪರೀಕ್ಷೆ ನಡೆಸಿತು. 21 ದಿನ ಈ ಸಕ್ಕರೆಗಳು ಕಡಿಮೆ ಇರುವ ಊಟ, ಇನ್ನೊಂದು 21 ದಿನ ಅಲ್ಲಿಯ ಮಾಮೂಲಿ ಊಟ. ಮೊದಲನೆಯದರಲ್ಲಿ ಜನರ ತೊಂದರೆ ಸುಮಾರು ಅರ್ಧಕ್ಕೆ ಇಳಿಯಿತು. ಹಾಗೆಂದು ಅವರಿಗೆ ತರಕಾರಿ ನಿಲ್ಲಿಸಿರಲಿಲ್ಲ. ಯಾವ ತರಕಾರಿ ಎಂಬುದು ಬದಲಾಗಿತ್ತು.

ಇಲ್ಲಿಂದ ಮುಂದೆ ವಿಷಯ ನಮ್ಮ ಅಡುಗೆಮನೆಗೆ ಬರುತ್ತದೆ. ನನ್ನ ಬಲವಾದ ಅನಿಸಿಕೆ ಏನೆಂದರೆ, ನಮ್ಮಲ್ಲಿ ತರಕಾರಿಯ ಮೇಲೆ ಬೀಳುವ ದೂರುಗಳಲ್ಲಿ ಬಹುಪಾಲು ಸೇರಬೇಕಾದದ್ದು ಅದರ ಜೊತೆಗಾರರಿಗೆ. ಕರ್ನಾಟಕದ ಊಟದಲ್ಲಿ ತರಕಾರಿ ಒಂಟಿಯಾಗಿ ಬರುವುದು ಕಡಿಮೆ. ಕ್ಯಾರೆಟ್ ಸಾಂಬಾರ್ ತಿಂದು ಹೊಟ್ಟೆ ಉಬ್ಬಿದವರು ಕ್ಯಾರೆಟ್ ಬಿಡುತ್ತಾರೆ. ಕ್ಯಾರೆಟ್ಟಿನಲ್ಲಿ ಈ ಸಕ್ಕರೆಗಳು ಇಲ್ಲವೆನ್ನುವಷ್ಟು ಕಡಿಮೆ. ತೊಗರಿಬೇಳೆಯಲ್ಲಿ, ಈರುಳ್ಳಿಯಲ್ಲಿ ಧಾರಾಳವಾಗಿವೆ. ಕೋಸಂಬರಿ ಆಗುವುದಿಲ್ಲ ಎಂದವರು ಸೌತೆಕಾಯಿಯನ್ನು ಬಯ್ಯುತ್ತಾರೆ. ಅದರಲ್ಲಿ ನೆನೆಸಿ ಹಸಿಯಾಗಿಯೇ ಹಾಕಿದ ಹೆಸರುಬೇಳೆ ಇರುವುದನ್ನು ಗಮನಿಸುವುದಿಲ್ಲ. ತಂಬುಳಿ ಕುಡಿದು ನರಳಿದವರಿಗೆ ಒಂದೆಲಗವೇ ಆಗದಿರಬಹುದು, ಅಥವಾ ಮಜ್ಜಿಗೆಯಲ್ಲಿರುವ ಲ್ಯಾಕ್ಟೋಸ್ ಆಗದಿರಬಹುದು. ದಕ್ಷಿಣ ಭಾರತದ ವಯಸ್ಕರಲ್ಲಿ ಲ್ಯಾಕ್ಟೋಸನ್ನು ಪೂರ್ತಿ ಅರಗಿಸಲಾರದವರು ಬಹಳ ಮಂದಿ. ಹಸಿಮೆಣಸು, ಒಣಮೆಣಸಿನ ಖಾರದಲ್ಲಿರುವ ಕ್ಯಾಪ್ಸೈಸಿನ್ ಕರುಳಿನ ನೋವಿನ ನರಗಳನ್ನು ನೇರವಾಗಿ ತಟ್ಟಿ ಎಬ್ಬಿಸುತ್ತದೆ. ಪಲ್ಯದ ತಪ್ಪು ಎಂದು ತಿಳಿದದ್ದು ಒಗ್ಗರಣೆಯ ತಪ್ಪೂ ಆಗಿರಬಹುದು.

ಬಸ್ಸಾರನ್ನೇ ತೆಗೆದುಕೊಳ್ಳಿ. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ, ನೀರು ಬಸಿದು, ಆ ಕಟ್ಟಿಗೆ ಈರುಳ್ಳಿ ಬೆಳ್ಳುಳ್ಳಿ ಹುರಿದು ರುಬ್ಬಿದ ಮಸಾಲೆ ಸೇರಿಸಿ ಸಾರು ಮಾಡುತ್ತೇವೆ. ಬಸಿದುಳಿದ ಸೊಪ್ಪು ಕಾಳು ಪಲ್ಯವಾಗುತ್ತದೆ. ಹೊಟ್ಟೆ ಸರಿಯಿಲ್ಲದವರಿಗೆ ಮನೆಯಲ್ಲಿ ಏನು ಹೇಳುತ್ತೇವೆ? "ಪಲ್ಯ ಬೇಡ, ಬರೀ ಸಾರು ಕಲಸಿಕೊಂಡು ತಿನ್ನು, ಹಗುರವಾಗಿರುತ್ತೆ." ಕಾಳಿನ ತೊಂದರೆಯ ಸಕ್ಕರೆಗಳು ನೀರಿನಲ್ಲಿ ಕರಗುವಂಥವು. ಬೇಯುವಾಗ ಅವುಗಳಲ್ಲಿ ಒಂದು ಪಾಲು ಕಟ್ಟಿಗೆ ಇಳಿದಿರುತ್ತದೆ, ಜೊತೆಗೆ ಈರುಳ್ಳಿ ಬೆಳ್ಳುಳ್ಳಿಯ ಫ್ರಕ್ಟಾನೂ ಸೇರುತ್ತದೆ. ಇಂಥ ಹೊಟ್ಟೆಯವರಿಗೆ ನೋಡಲು ತೆಳ್ಳಗಿರುವ ಸಾರೇ ಭಾರ, ಈರುಳ್ಳಿಯಿಲ್ಲದೆ ಕಾಯಿತುರಿ ಹಾಕಿ ಒಗ್ಗರಿಸಿದ ಸೊಪ್ಪಿನ ಪಲ್ಯ ಹಗುರ. ಬೇಳೆ ನೆನೆಸಿದ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸುವುದರ ಗುಣವೂ ಇದೇ.

ತಪ್ಪಿತಸ್ಥರನ್ನು ಹಿಡಿಯುವುದು ಕಷ್ಟವಾಗಲು ಇನ್ನೊಂದು ಕಾರಣ ಸಮಯ. ತಿಂದದ್ದು ಹೊಟ್ಟೆ, ಸಣ್ಣ ಕರುಳು ದಾಟಿ ದೊಡ್ಡ ಕರುಳಿನ ಬಾಗಿಲಿಗೆ ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ ಬೇಕು. ಸಂಜೆ ಏಳಕ್ಕೆ ಹೊಟ್ಟೆ ಬಿಗಿದರೆ ನಾವು ಐದು ಗಂಟೆಯ ತಿಂಡಿಯನ್ನು ದೂರುತ್ತೇವೆ. ಅಲ್ಲಿ ಹುದುಗುತ್ತಿರುವುದು ಮಧ್ಯಾಹ್ನದ ಊಟವಾಗಿರುತ್ತದೆ. ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ತಿಂದ ಪದಾರ್ಥ, ಹೊತ್ತು, ತೊಂದರೆ ಆದ ಹೊತ್ತು ಬರೆದಿಡುವುದು ಇದಕ್ಕಾಗಿ. ಬರೆಯುವಾಗ 'ಸಾಂಬಾರ್' ಎಂದು ಬರೆದರೆ ಪ್ರಯೋಜನವಿಲ್ಲ, ಅದರಲ್ಲಿ ಬಿದ್ದದ್ದೆಲ್ಲ ಬರೆಯಬೇಕು.

ಪ್ರಮಾಣದ ಮಾತು ಇನ್ನೂ ಮುಖ್ಯ. ಬೀನ್ಸ್, ಬದನೆ, ಬೆಂಡೆ, ಎಲೆಕೋಸು, ಸೀಮೆಬದನೆ ಇವೆಲ್ಲ ಒಂದು ಹೊತ್ತಿಗೆ ಸುಮಾರು 75 ಗ್ರಾಂ, ಅಂದರೆ ಅರ್ಧ ಬಟ್ಟಲಿನಷ್ಟಾದರೆ ಹೆಚ್ಚಿನ ಸೂಕ್ಷ್ಮ ಹೊಟ್ಟೆಗಳೂ ತಾಳಿಕೊಳ್ಳುತ್ತವೆ. ಅದೇ ಒಂದೂವರೆ ಬಟ್ಟಲಾದರೆ ಮಿತಿ ದಾಟುತ್ತದೆ. ಆಲೂಗಡ್ಡೆ, ಕ್ಯಾರೆಟ್, ಪಾಲಕ್, ಸೌತೆ ಇನ್ನೂ ಸಲೀಸು. ಗೆಣಸು, ಬೀಟ್‌ರೂಟ್ ಸ್ವಲ್ಪ ಸಾಕು. ಈರುಳ್ಳಿ ಗಡ್ಡೆ ಆಗದವರಿಗೂ ಈರುಳ್ಳಿ ಹೂವಿನ ಹಸಿರು ಭಾಗ ಆಗುತ್ತದೆ, ಫ್ರಕ್ಟಾನ್ ತುಂಬಿರುವುದು ಬಿಳಿ ಗಡ್ಡೆಯಲ್ಲಿ.

ಪರಿಮಳ ಬೇಕೆಂದರೆ ಬೆಳ್ಳುಳ್ಳಿಯನ್ನು ಜಜ್ಜಿ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬಾಡಿಸಿ, ಎಸಳನ್ನು ತೆಗೆದು, ಆ ಎಣ್ಣೆಯಲ್ಲಿ ಒಗ್ಗರಣೆ ಕೊಡಬಹುದು. ಫ್ರಕ್ಟಾನ್ ನೀರಿಗೆ ಇಳಿಯುತ್ತದೆ, ಎಣ್ಣೆಗೆ ಇಳಿಯುವುದಿಲ್ಲ. ಸಾರಿನಲ್ಲಿ ಕುದಿಸಿ ಆಮೇಲೆ ಎತ್ತಿಹಾಕಿದರೆ ಮಾತ್ರ ಉಪಯೋಗವಿಲ್ಲ. ಇನ್ನು ಇಂಗು ಇದ್ದೇ ಇದೆ. ಉಡುಪಿಯ ಮಠಗಳಲ್ಲಿ, ನಮ್ಮ ಎಷ್ಟೋ ದೇವಸ್ಥಾನಗಳಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ತಲೆಮಾರುಗಳಿಂದ ಸಾವಿರಾರು ಜನಕ್ಕೆ ರುಚಿಯಾದ ಅಡುಗೆ ಆಗುತ್ತಿದೆ. ಮೆಲ್ಬರ್ನಿನ ರೋಗಿ ಹೊಸದಾಗಿ ಕಲಿಯಬೇಕಾದ ಅಡುಗೆ ನಮ್ಮಲ್ಲಿ ಸಿದ್ಧವಾಗಿಯೇ ಇದೆ ಎಂಬುದು ನನಗೆ ದೊಡ್ಡ ಸಮಾಧಾನ. ಗೋಧಿ ಆಗದವರು ಮಾತ್ರ ಇಂಗಿನ ಡಬ್ಬಿಯ ಮೇಲಿನ ಬರಹ ಓದಬೇಕು. ಅಂಗಡಿಯ ಇಂಗಿಗೆ ಗೋಧಿಹಿಟ್ಟು ಬೆರೆಸಿರುವುದುಂಟು.

ನಾರಿನದ್ದೂ ಪಾಲಿಲ್ಲದೆ ಇಲ್ಲ. ಸಿಪ್ಪೆ, ಬಲಿತ ಬೀಜ, ಸೊಪ್ಪಿನ ಗಟ್ಟಿ ದಂಟು ಇವುಗಳ ಒರಟು ತುಣುಕುಗಳು ಸೂಕ್ಷ್ಮ ಕರುಳನ್ನು ಕೆರಳಿಸುತ್ತವೆ. ಐಬಿಎಸ್ ಇರುವವರಿಗೆ ಗೋಧಿ ತೌಡು ಆಗದೆ ಇಸಬ್ಗೋಲ್ ಆಗುವುದು ಇದೇ ವ್ಯತ್ಯಾಸದಿಂದ. ಇಸಬ್ಗೋಲಿನ ನಾರು ನೀರು ಹೀರಿ ಲೋಳೆಯಾಗುತ್ತದೆ, ನಿಧಾನವಾಗಿ ಹುದುಗುತ್ತದೆ. ತರಕಾರಿಯ ಸಿಪ್ಪೆ ಹೆರೆದು, ತಿರುಳು ತೆಗೆದು, ಬೆರಳಲ್ಲಿ ಒತ್ತಿದರೆ ನುರಿಯುವಷ್ಟು ಬೇಯಿಸಿದರೆ ಜೀವಕೋಶಗಳನ್ನು ಅಂಟಿಸಿರುವ ಪೆಕ್ಟಿನ್ ಸಡಿಲಾಗುತ್ತದೆ. ಕರುಳು ಮಾಡಬೇಕಿದ್ದ ಕೆಲಸದಲ್ಲಿ ಅರ್ಧ ಒಲೆಯ ಮೇಲೆ ಮುಗಿದಿರುತ್ತದೆ. ಬೇಯಿಸಿದರೆ ಸತ್ವವೆಲ್ಲ ಹೋಯಿತು ಎಂದು ಕೊರಗಬೇಕಿಲ್ಲ. ಸಿ ಜೀವಸತ್ವ ಕಡಿಮೆಯಾಗುವುದು ನಿಜ. ಕ್ಯಾರೆಟ್ಟಿನ ಬೀಟಾ ಕ್ಯಾರೋಟಿನ್ ಮಾತ್ರ ಹಸಿಗಿಂತ ಬೇಯಿಸಿ ಸ್ವಲ್ಪ ತುಪ್ಪವೋ ಎಣ್ಣೆಯೋ ಸೇರಿಸಿದಾಗಲೇ ಚೆನ್ನಾಗಿ ಮೈಗೆ ಹತ್ತುತ್ತದೆ.

ಕರಾವಳಿಯ ಸೌತೆಕಾಯಿ ದೋಸೆ, ಸೋರೆಕಾಯಿ ದೋಸೆಗಳನ್ನು ನಾನು ಈ ದೃಷ್ಟಿಯಿಂದ ತುಂಬ ಮೆಚ್ಚುತ್ತೇನೆ. ಸಿಪ್ಪೆ, ಬೀಜ ತೆಗೆದ ಕಾಯನ್ನು ನೆನೆದ ಅಕ್ಕಿಯ ಜೊತೆ ನುಣ್ಣಗೆ ರುಬ್ಬಿ, ಉದ್ದು ಹಾಕದೆ, ತೆಳ್ಳಗೆ ಹುಯ್ಯುತ್ತಾರೆ. ತರಕಾರಿ ತಿಂದದ್ದೇ ತಿಳಿಯುವುದಿಲ್ಲ. ಬೂದುಗುಂಬಳ, ಹೀರೆ, ಸೋರೆ, ಪಡವಲ ಎಲ್ಲದರಲ್ಲೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನೀರೇ. ಸೋರೆಕಾಯಿ ಹೆಚ್ಚುವಾಗ ಒಂದು ಚೂರು ನಾಲಿಗೆಗಿಟ್ಟು ನೋಡಿ, ಕಹಿಯಿದ್ದರೆ ಎಸೆಯಿರಿ. ಅದರ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು. ಕಹಿ ಸೋರೆಕಾಯಿಯ ಹಸಿ ರಸ ಕುಡಿದು ರಕ್ತವಾಂತಿಯಾಗಿ ಪ್ರಾಣ ಕಳೆದುಕೊಂಡವರು ನಮ್ಮ ದೇಶದಲ್ಲಿದ್ದಾರೆ.

ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು, ತರಕಾರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಲೂಗಡ್ಡೆಯಂಥ ಪಿಷ್ಟದ ಗಡ್ಡೆಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಒಂದೇ ಊಟದಲ್ಲಿ ಅಷ್ಟನ್ನು ತುರುಕಲು ಹೋದರೆ ಸೋಲುತ್ತೇವೆ. ಬೆಳಿಗ್ಗೆ ದೋಸೆಯೊಳಗೆ 75 ಗ್ರಾಂ ಸೌತೆ, ಮಧ್ಯಾಹ್ನ ಅಷ್ಟೇ ಬೀನ್ಸ್ ಪಲ್ಯ, ಅದರ ಜೊತೆ ಅಷ್ಟೇ ಬೆಂದ ಕ್ಯಾರೆಟ್, ರಾತ್ರಿ ಅಷ್ಟೇ ಪಾಲಕ್, ನಡುವೆ 100 ಗ್ರಾಂ ಪಪ್ಪಾಯಿ. ಲೆಕ್ಕ ಮುಟ್ಟಿತು.

ಆದರೆ ಎಲ್ಲಕ್ಕಿಂತ ಮೊದಲು ವೈದ್ಯರನ್ನು ಕಾಣಬೇಕಾದ ಸಂದರ್ಭಗಳಿವೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ ಇವು ಯಾವುವೂ ಅಡುಗೆ ಬದಲಿಸಿ ನೋಡುವ ವಿಷಯಗಳಲ್ಲ. ನಮ್ಮ ದೇಶದಲ್ಲಿ ಕರುಳಿನ ಕ್ಷಯ ಇನ್ನೂ ಇದೆ. ಕ್ರೋನ್ಸ್ ಕಾಯಿಲೆಯಂತೆ ಅದೂ ಕರುಳನ್ನು ಕೆಲವೆಡೆ ಕಿರಿದಾಗಿಸುತ್ತದೆ. ಅಂಥವರಿಗೆ ನಾರುಳ್ಳ ತರಕಾರಿ ಅಲ್ಲಿ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಏನು, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು.

ಫಾಡ್‌ಮ್ಯಾಪ್ ಕಟ್ಟುನಿಟ್ಟಿಗೂ ಒಂದು ಅವಧಿ ಇದೆ, ಎರಡರಿಂದ ಆರು ವಾರ. ಆಹಾರತಜ್ಞರ ನೆರವಿದ್ದರೆ ಒಳ್ಳೆಯದು. ಕೆಲವರು ನೆಮ್ಮದಿ ಸಿಕ್ಕಿತೆಂದು ವರ್ಷಗಟ್ಟಲೆ ಅಲ್ಲೇ ನಿಂತುಬಿಡುತ್ತಾರೆ. ಅದು ಸರಿಯಲ್ಲ, ಏಕೆಂದರೆ ನಮಗೆ ಕಾಟ ಕೊಡುವ ಈ ಸಕ್ಕರೆಗಳೇ ಬೈಫಿಡೋಬ್ಯಾಕ್ಟೀರಿಯಾದಂಥ ಒಳ್ಳೆಯ ಜೀವಿಗಳ ಆಹಾರ. ಕಟ್ಟುನಿಟ್ಟಿನ ಊಟದಲ್ಲಿ ಕೆಲವೇ ವಾರಗಳಲ್ಲಿ ಅವುಗಳ ಸಂಖ್ಯೆ ಕುಸಿಯುವುದನ್ನು ಅಧ್ಯಯನಗಳು ತೋರಿಸಿವೆ. ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸಿ ಕೊಡುವ ಬ್ಯುಟಿರೇಟ್ ಎಂಬ ಆಮ್ಲದಿಂದಲೇ ದೊಡ್ಡ ಕರುಳಿನ ಒಳಪದರ ತನ್ನ ಶಕ್ತಿಯ ಬಹುಪಾಲನ್ನು ಪಡೆಯುತ್ತದೆ. ಆದ್ದರಿಂದ ಬಿಟ್ಟದ್ದನ್ನು ಒಂದೊಂದಾಗಿ ಮರಳಿ ತರಬೇಕು. ಒಂದು ದಿನ ಎರಡು ಚಮಚ ಬೆಂದ ಹೂಕೋಸು, ಮರುದಿನ ನಾಲ್ಕು, ಅದರ ಮರುದಿನ ಅರ್ಧ ಬಟ್ಟಲು. ತೊಂದರೆಯಾದರೆ ಅಲ್ಲಿಗೆ ನಿಲ್ಲಿಸಿ, ಎರಡು ಮೂರು ದಿನ ಬಿಡುವು ಕೊಟ್ಟು ಬಟಾಣಿಗೆ ಹೋಗುವುದು, ಆಮೇಲೆ ಈರುಳ್ಳಿಗೆ. ಹೂಕೋಸು ಆಗದವರಿಗೆ ಬಟಾಣಿ ಆಗಬಹುದು. ಎರಡರಲ್ಲಿರುವ ಸಕ್ಕರೆ ಬೇರೆ ಬೇರೆ.