ವಾಲ್ಯೂಮ್ ಜಾಸ್ತಿ ಮಾಡಿದ್ರೆ ಸಾಲದು

"ನಿನ್ನ ಪ್ರೋಗ್ರಾಂ ದಿನಾ ನೋಡ್ತೀನಪ್ಪ. ಆದ್ರೆ ಏನು ಹೇಳ್ತೀಯ ಅಂತ ಗೊತ್ತಾಗಲ್ಲ. ಕೆಳಗಡೆ ಅಕ್ಷರ ಓಡುತ್ತಲ್ಲ, ಅದನ್ನ ಓದ್ಕೊಳ್ತೀನಿ."

ಹೀಗಂದಿದ್ದು ನಮ್ಮಪ್ಪ. ಊರಿಗೆಲ್ಲ ಸುದ್ದಿ ಹೇಳೋ ನನಗೆ, ನನ್ನ ಮಾತು ಮನೆಯಲ್ಲೇ ತಲುಪುತ್ತಿಲ್ಲ ಅನ್ನೋದು ಗೊತ್ತಿರಲಿಲ್ಲ. ಟಿವಿ ಸದ್ದು ನೋಡಿದ್ರೆ ಪಕ್ಕದ ಮನೆಗೂ ಕೇಳುವಷ್ಟಿತ್ತು. ವಿಷಯ ಇರೋದು ಅಲ್ಲೇ. ವಯಸ್ಸಾದ ಕಿವಿಗೆ ಸದ್ದು ಕೇಳಿಸುತ್ತೆ, ಮಾತು ತಿಳಿಯಲ್ಲ.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್, ಹಾಗಾಗಿ ಆ ದಾರಿಯಲ್ಲೇ ಹೇಳ್ತೀನಿ. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆ. ಅದರೊಳಗೆ ಸುಮಾರು 15 ಸಾವಿರ ಕೂದಲು ಕೋಶಗಳು. ಸುರುಳಿಯ ಬಾಯಿಯ ಹತ್ತಿರ ಇರುವಂಥವು ಕೀರಲು ಧ್ವನಿಯನ್ನು, ಅಂದರೆ ಹೆಚ್ಚು ಹರ್ಟ್ಸ್‌ನ ಧ್ವನಿಯನ್ನು ಹಿಡಿಯುತ್ತವೆ. ಒಳತುದಿಯವು ತಗ್ಗಿದ ಧ್ವನಿಯನ್ನು. ವಯಸ್ಸಾಗುತ್ತಾ ಮೊದಲು ಸವೆಯುವುದು ಬಾಯಿಯ ಹತ್ತಿರದವೇ. ಹೋದ ಕೋಶ ಮತ್ತೆ ಹುಟ್ಟಲ್ಲ.

ಈಗ ಮಾತಿಗೆ ಬನ್ನಿ. ಆ, ಊ, ಓ ಥರದ ಸ್ವರಗಳಲ್ಲಿ ತಗ್ಗಿದ ಧ್ವನಿಯ ಪಾಲು ಜಾಸ್ತಿ. ಮಾತಿಗೆ ಜೋರು ಕೊಡೋದು ಅವು. ಸ, ಶ, ಚ ಎಲ್ಲ ಕೀರಲು ಕಡೆಯವು. ಸದ್ದು ಸಣ್ಣದು, ಆದರೆ ಒಂದು ಪದವನ್ನು ಇನ್ನೊಂದರಿಂದ ಬೇರೆ ಮಾಡೋದು ಇಂಥ ಅಕ್ಷರಗಳೇ. ಒಮ್ಮೆ ಅಮ್ಮ "ಶಾಲು ಎಲ್ಲಿಟ್ರಿ?" ಅಂತ ಕೇಳಿದರು. ಅಪ್ಪ "ಫ್ರಿಜ್‌ನಲ್ಲಿದೆ" ಅಂದ್ರು. ಅವರಿಗೆ ಕೇಳಿಸಿದ್ದು ಹಾಲು. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಅಪ್ಪ ನಗಲಿಲ್ಲ.

ವಾಲ್ಯೂಮ್ ಏರಿಸಿದರೆ ಎಲ್ಲವೂ ಒಟ್ಟಿಗೆ ಏರುತ್ತೆ. 'ಆಲು' ಡಂಗುರ ಹೊಡೆದಂತೆ ಕೇಳುತ್ತೆ, 'ಶ' ಮಾತ್ರ ಹಿಂದೆಯೇ ಉಳಿಯುತ್ತೆ. ಇನ್ನು ನಮ್ಮ ಚಾನೆಲ್‌ಗಳಲ್ಲಿ ಹಿಂದೆ ಢಮಢಮ ಮ್ಯೂಸಿಕ್, ಮುಂದೆ ನಾಲ್ಕು ಜನ ಒಟ್ಟಿಗೆ ಕೂಗಾಟ. ನಮ್ಮ ತಪ್ಪೂ ಇದೆ, ಒಪ್ಪಿಕೊಳ್ತೀನಿ.

ಇದು ತಮಾಷೆ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 60 ದಾಟಿದವರಲ್ಲಿ ಶೇ 25ಕ್ಕೂ ಹೆಚ್ಚು ಮಂದಿಗೆ ದಿನನಿತ್ಯದ ಬದುಕಿಗೆ ತೊಡಕಾಗುವಷ್ಟು ಶ್ರವಣದೋಷ ಇದೆ. ಮಾತು ತಿಳಿಯದವರು ಮೊದಲು "ಆಂ?" ಅಂತಾರೆ. ಆಮೇಲೆ ಸುಮ್ಮನೆ ತಲೆಯಾಡಿಸ್ತಾರೆ. ಆಮೇಲೆ ಮದುವೆ-ಮುಂಜಿಗೆ ಬರೋದನ್ನೇ ಬಿಡ್ತಾರೆ. ಮನೆಯವರು 'ವಯಸ್ಸಾಯ್ತು, ಮಂಕಾಗಿದ್ದಾರೆ' ಅಂತಾರೆ. 2024ರಲ್ಲಿ ಲ್ಯಾನ್ಸೆಟ್ ಆಯೋಗ ಮರೆವಿನ ಕಾಯಿಲೆಗೆ ಸಂಬಂಧಿಸಿ, ನಾವು ತಗ್ಗಿಸಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಶ್ರವಣದೋಷವೂ ಒಂದು.

ಮೊದಲು ಇಎನ್‌ಟಿ ವೈದ್ಯರಿಗೆ ತೋರಿಸಿ. ಎಷ್ಟೋ ಸಲ ಬರೀ ಗುಗ್ಗೆ ಕಟ್ಟಿಕೊಂಡಿರುತ್ತೆ, ತೆಗೆದರೆ ಸರಿಹೋಗುತ್ತೆ. ಹೇರ್‌ಪಿನ್, ಬೆಂಕಿಕಡ್ಡಿ ಹಾಕಬೇಡಿ. ಗುಗ್ಗೆ ಅಲ್ಲ ಅಂದ್ರೆ ಆಡಿಯೋಮೆಟ್ರಿ ಪರೀಕ್ಷೆ. ಯಾವ ಹರ್ಟ್ಸ್‌ನಲ್ಲಿ ಎಷ್ಟು ನಷ್ಟ ಅನ್ನೋದು ಅದರಲ್ಲಿ ಗ್ರಾಫ್ ಆಗಿ ಬರುತ್ತೆ. ಒಳ್ಳೆ ಶ್ರವಣಯಂತ್ರವನ್ನು ಆ ಗ್ರಾಫ್‌ಗೆ ತಕ್ಕಂತೆ ಹೊಂದಿಸ್ತಾರೆ. ಆನ್‌ಲೈನ್‌ನಲ್ಲಿ ಸಿಗೋ ಅಗ್ಗದ ಸಾಧನಗಳು ಬಹುತೇಕ ಎಲ್ಲವನ್ನೂ ಒಂದೇ ಸಮ ಜೋರು ಮಾಡುವಂಥವು, ಟಿವಿ ವಾಲ್ಯೂಮ್ ಕಥೆಯೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದೆಲ್ಲ ಮಾಡ್ತಾರೆ. ಬಿಪಿಎಲ್ ಕುಟುಂಬದ ಹಿರಿಯರಿಗೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಉಚಿತ ಶ್ರವಣಯಂತ್ರಕ್ಕೆ ಅವಕಾಶ ಇದೆ.

ಒಂದು ಎಚ್ಚರಿಕೆ. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳದೇ ಹೋದರೆ ಅದು ವಯಸ್ಸಿನದ್ದಲ್ಲ, ತುರ್ತು. ಅವತ್ತೇ ಆಸ್ಪತ್ರೆಗೆ ಹೋಗಿ, ತಡವಾದಷ್ಟೂ ಚಿಕಿತ್ಸೆಯ ಫಲ ಕಡಿಮೆ.

ಅಪ್ಪ ಯಂತ್ರ ಹಾಕಿಕೊಂಡ ಮೊದಲ ದಿನ "ಈ ಫ್ಯಾನು ಇಷ್ಟು ಸದ್ದು ಮಾಡ್ತಿತ್ತಾ?" ಅಂದ್ರು. ಮೊದಲ ವಾರ ಎರಡು ಸಲ ಕಿತ್ತು ಬೀರುವಿನಲ್ಲಿಟ್ಟರು. ಮಿದುಳಿಗೆ ಮತ್ತೆ ಆ ಸದ್ದುಗಳು ಒಗ್ಗೋದಕ್ಕೆ ಕೆಲವು ವಾರ ಬೇಕು. ಈಗ ಬೆಳಗ್ಗೆ ಎದ್ದು ಹಾಕ್ಕೊಂಡರೆ ರಾತ್ರಿವರೆಗೂ ತೆಗೆಯಲ್ಲ. ನಮ್ಮ ಚಾನೆಲ್‌ನಲ್ಲಿ ಚರ್ಚೆ ಶುರುವಾದಾಗ ಮಾತ್ರ ತೆಗೆದಿಡ್ತಾರಂತೆ.